ಅಂತೆ, ಕಂತೆ ಮತ್ತು ಸೋರುವ ಮಾಳಿಗೆ

ಕಾವ್ಯದಲ್ಲಿ, ಹಾಡಿನಲ್ಲಿ ಬರುವ ಹೋಲಿಕೆಗೆ ಅಲಂಕಾರದ ಹೆಸರು ಹಚ್ಚುವುದು ಸುಲಭ. ಆದರೆ ಹೋಲಿಸಿದ ವಸ್ತುವನ್ನು ಬಲ್ಲವರ ಮುಂದೆ ಮಾತ್ರ ಅದು ಬಾಯಿ ಬಿಡುತ್ತದೆ.

ಹೈಸ್ಕೂಲಿನಲ್ಲಿ ಸೀತೆಯ ಮುಖ ಎಷ್ಟು ಸಲ ಕಮಲದಂತೆ ಅರಳಿತೋ ಲೆಕ್ಕವಿಲ್ಲ. ಉಪಮೇಯ: ಸೀತೆಯ ಮುಖ. ಉಪಮಾನ: ಕಮಲ. ಉಪಮಾವಾಚಕ: ಅಂತೆ. ಸಮಾನಧರ್ಮ: ಅರಳುವುದು. ಕೊನೆಗೆ, ಉಪಮೇಯವನ್ನು ಉಪಮಾನಕ್ಕೆ ಹೋಲಿಸಿರುವುದರಿಂದ ಇದು ಉಪಮಾಲಂಕಾರ ಎಂಬ ಸಮನ್ವಯ. ಇಷ್ಟು ಬರೆದರೆ ಅಂಕ ಪೂರ್ತಿ. ಅಡಿಗೆರೆ ಎಳೆದು ಬರೆದರೆ ಮಾಸ್ತರಿಗೆ ಇನ್ನಷ್ಟು ಸಂತೋಷ.

ನಮ್ಮ ತರಗತಿಯಲ್ಲಿ ಕಮಲ ಅರಳುವುದನ್ನು ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ. ಊರ ಕೆರೆಯಲ್ಲಿ ಇದ್ದದ್ದು ಜೇಕು ಹುಲ್ಲು ಮತ್ತು ಎಮ್ಮೆಗಳು. ಕಮಲ ಬೆಳಗ್ಗೆ ಅರಳುತ್ತದೋ ಸಂಜೆಯೋ, ಒಮ್ಮೆಲೇ ಬಿಚ್ಚುತ್ತದೋ ಮೆಲ್ಲಗೋ ಎಂದು ನಾವು ಕೇಳಲಿಲ್ಲ, ಮಾಸ್ತರು ಹೇಳಲಿಲ್ಲ. ಕೇಳದೆಯೂ ಪಾಸಾದೆವು.

ಆ ದಿನಗಳಲ್ಲೇ ಮನೆಯ ಟೇಪ್ ರೆಕಾರ್ಡರಿನಲ್ಲಿ ಸಿ. ಅಶ್ವಥ್ ಅವರ ದನಿಯಲ್ಲಿ ಶಿಶುನಾಳ ಶರೀಫರ ಮಾಳಿಗೆಯ ಹಾಡು ದಿನಕ್ಕೆ ನಾಲ್ಕು ಸಲ ತಿರುಗುತ್ತಿತ್ತು. ಮನೆಯ ಮಾಳಿಗೆ ಸೋರುತ್ತಿದೆ ಎಂಬ ಆ ಪದದ ಅರ್ಥವನ್ನು ಮಾಸ್ತರು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದರು: ಮನೆ ಎಂದರೆ ದೇಹ, ಸೋರುವುದು ಎಂದರೆ ಅಜ್ಞಾನ. ಅಲ್ಲಿಗೆ ಆಯಿತು. ಬೀಜಗಣಿತದಲ್ಲಿ ಎಕ್ಸ್‌ನ ಬೆಲೆ ಸಿಕ್ಕ ಹಾಗೆ ಬರೆದುಕೊಂಡೆವು.

ಆ ಹಾಡನ್ನು ನನಗೆ ನಿಜವಾಗಿ ಬಿಡಿಸಿ ಹೇಳಿದವರು ಅಕ್ಷರ ಕಲಿಯದ ನಮ್ಮ ದೊಡ್ಡಪ್ಪ, ಅದೂ ಮಾಳಿಗೆಯ ಮೇಲೆ ನಿಂತು.

ಜಂತಿ ಹಿಡಿದು ಬರುವ ನೀರು

ಧಾರವಾಡ, ಹಾವೇರಿ, ಗದಗಿನ ಕಡೆ ಮಣ್ಣಿನ ಮಾಳಿಗೆಯ ಮನೆಗಳು ಈಗ ಕಡಿಮೆ. ಮೊದಲು ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆಯೋ ಕಟ್ಟಿಗೆಯೋ, ಅದರ ಮೇಲೆ ಸೊಪ್ಪು, ಎಲ್ಲಕ್ಕೂ ಮೇಲೆ ಗೇಣುದ್ದ ಮಣ್ಣು. ಆ ಮಣ್ಣಿನ ಮೇಲೆ ವರ್ಷಕ್ಕೊಮ್ಮೆ ಸವಳು ಮಣ್ಣು ಹರಡಿ ಬಡಿಯಬೇಕು. ಮಿರಗದ ಮಳೆ ಕೂಡುವುದರೊಳಗೆ ಆ ಕೆಲಸ ಮುಗಿದಿರಬೇಕು. ಹಾಗೊಂದು ಬೇಸಗೆಯಲ್ಲಿ ಸವಳಿನ ಬುಟ್ಟಿ ಹೊತ್ತು ದೊಡ್ಡಪ್ಪನ ಹಿಂದೆ ಮಾಳಿಗೆ ಹತ್ತಿದ್ದೆ. ಹಿಂದಿನ ಮಳೆಗಾಲದಲ್ಲಿ ಪಡಸಾಲೆಯ ನಟ್ಟನಡುವೆ ಸೋರಿತ್ತು. ನಾನು ಸರಿಯಾಗಿ ಆ ಜಾಗದ ಮೇಲೆ ಹೋಗಿ ಬುಟ್ಟಿ ಸುರಿಯಲು ನಿಂತೆ. ದೊಡ್ಡಪ್ಪ ನಕ್ಕರು.

‘ಮ್ಯಾಲೆ ತೂತು ಬಿದ್ದಲ್ಲೇ ಕೆಳಗ ಸೋರೂದಿಲ್ಲೋ ತಮ್ಮಾ. ನೀರು ಜಂತಿ ಹಿಡಕೊಂಡು ನಡದು ಬರ್ತೈತಿ. ಎಲ್ಲಿ ಇಳೀಬೇಕು ಅನಸ್ತೈತೋ ಅಲ್ಲಿ ಇಳೀತೈತಿ.’

ಅವರು ಬಗ್ಗಿ ಬಗ್ಗಿ ನೋಡುತ್ತ ಹತ್ತು ಮಾರು ದೂರದ ಗೋಡೆಯ ಅಂಚಿಗೆ ಹೋದರು. ಅಲ್ಲಿ ಒಣಗಿದ ಮಣ್ಣಿನಲ್ಲಿ ಕೂದಲೆಳೆಯಷ್ಟು ಬಿರುಕು. ‘ಬ್ಯಾಸಗ್ಯಾಗ ಬಿರಕು ಕಾಣತಾವು, ಆಗ ಸೋರೂದಿಲ್ಲ. ಸೋರುವಾಗ ಬಿರಕು ಕಾಣೂದಿಲ್ಲ. ರಾತ್ರಿ ಸೋರಾಕ ಹತ್ತಿತಂದ್ರ ಮುಗೀತು, ಬೋಗುಣಿ ಇಟಕೊಂಡು ಕುಂದ್ರೂದ.’

ಆ ಮಾತು ಕಿವಿಗೆ ಬಿದ್ದ ಮೇಲೆ ಶರೀಫರ ಹಾಡು ನನಗೆ ಬೇರೆಯೇ ಆಯಿತು. ಆ ಹಾಡಿನಲ್ಲಿ ಹುಳುಕು ಹಿಡಿದ ಜಂತಿ ಇದೆ, ಮುರಿದ ತೊಲೆ ಇದೆ, ಸಡಿಲಾದ ಕೀಲು ಇದೆ, ಕತ್ತಲಿದೆ, ಮೇಲೆ ಹತ್ತಲಾಗದ ಅಸಹಾಯಕತೆ ಇದೆ. ಅಜ್ಞಾನದ ಹೆಸರನ್ನು ಶರೀಫರೇ ಎತ್ತಿದ್ದಾರೆ, ಅದಕ್ಕೆ ಮಾಸ್ತರ ಅರ್ಥವಿವರಣೆ ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ಮಾಳಿಗೆಯ ವಿವರಣೆ. ನೋವು ಕಾಣಿಸಿಕೊಳ್ಳುವ ಜಾಗ ಬೇರೆ, ಅದು ಒಳಹೊಕ್ಕ ಜಾಗ ಬೇರೆ. ದುರಸ್ತಿಗೆ ಹೊತ್ತು ಇದ್ದಾಗ ತಪ್ಪು ಕಣ್ಣಿಗೆ ಬಿದ್ದರೂ ಕಾಡುವುದಿಲ್ಲ, ಕಾಡುವ ಹೊತ್ತಿಗೆ ಕತ್ತಲಾಗಿರುತ್ತದೆ. ‘ಮನೆ ಎಂದರೆ ದೇಹ’ ಎಂಬ ಸಮೀಕರಣದಲ್ಲಿ ಇದೊಂದೂ ಇಲ್ಲ. ಮಾಳಿಗೆ ಹತ್ತಿದವರಿಗೆ ಎಲ್ಲವೂ ಇದೆ.

1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶರೀಫರ ಕೇಳುಗರೆಲ್ಲ ಅಂಥ ಮಾಳಿಗೆಯ ಕೆಳಗೆ ಮಲಗಿದವರೇ. ಅವರಿಗೆ ಟಿಪ್ಪಣಿ ಬೇಕಿರಲಿಲ್ಲ. 1990ರಲ್ಲಿ ಟಿ.ಎಸ್. ನಾಗಾಭರಣ ಅವರ ‘ಸಂತ ಶಿಶುನಾಳ ಶರೀಫ’ ತೆರೆಗೆ ಬಂದು ಆ ಪದಗಳು ನಾಡಿನ ಮೂಲೆಮೂಲೆ ಮುಟ್ಟಿದಾಗ ಕೇಳುಗರಲ್ಲಿ ಬಹಳ ಮಂದಿ ಹೆಂಚು ಮತ್ತು ಆರ್‌ಸಿಸಿಯ ಕೆಳಗಿದ್ದರು. ಹಾಡು ಉಳಿಯಿತು, ಜಂತಿ ಹೋಯಿತು.

ಎರಡು ‘ಅಂತೆ’

ಕನ್ನಡದಲ್ಲಿ ‘ಅಂತೆ’ಗೆ ಎರಡು ಕೆಲಸ. ‘ಚಂದ್ರನಂತೆ’ ಎಂದರೆ ಹೋಲಿಕೆ. ‘ಬಂದನಂತೆ’ ಎಂದರೆ ಯಾರೋ ಹೇಳಿದ್ದು, ನಾನು ಕಂಡದ್ದಲ್ಲ. ಎರಡರ ಬೇರು ಬೇರೆಯಿರಬಹುದು, ಆದರೆ ಕಿವಿಗೆ ಎರಡೂ ಒಂದೇ ಎಚ್ಚರಿಕೆ ಕೊಡುತ್ತವೆ: ಇದಕ್ಕೆ ನಾನು ಪೂರ್ತಿ ಜವಾಬ್ದಾರನಲ್ಲ. ಹೊಣೆಯಿಲ್ಲದ ಮಾತನ್ನು ‘ಅಂತೆ ಕಂತೆ’ ಎಂದು ನಾವು ತಳ್ಳಿಹಾಕುವುದು ಸುಮ್ಮನೆ ಅಲ್ಲ.

ಉಪಮೆ ಹೀಗೆ ಸ್ವಲ್ಪ ಪ್ರಾಮಾಣಿಕ, ಸ್ವಲ್ಪ ಪುಕ್ಕಲು. ಮುಖ ಕಮಲವಲ್ಲ, ಕಮಲದ ಹಾಗಿದೆ ಅಷ್ಟೇ ಎಂದು ಅಂತರ ಕಾಯ್ದುಕೊಳ್ಳುತ್ತದೆ. ರೂಪಕ ಆ ‘ಅಂತೆ’ಯನ್ನು ಎತ್ತಿ ಎಸೆಯುತ್ತದೆ. ಮುಖವೇ ಕಮಲ ಎಂದುಬಿಟ್ಟರೆ ಹಿಂದೆ ಸರಿಯಲು ದಾರಿಯಿಲ್ಲ. ಉತ್ಪ್ರೇಕ್ಷೆ ಇವೆರಡರ ನಡುವೆ ‘ಏನೋ ಎಂಬಂತೆ’ ಎನ್ನುತ್ತ ಊಹೆಯ ಜೋಕಾಲಿಯಲ್ಲಿ ತೂಗುತ್ತದೆ. ವ್ಯಾಕರಣದ ಪುಸ್ತಕದಲ್ಲಿ ಇವು ಬೇರೆ ಬೇರೆ ಖಾನೆಗಳು. ಬರೆಯುವವನಿಗೆ ಇವು ಬೇರೆ ಬೇರೆ ಮಟ್ಟದ ಧೈರ್ಯ.

ಈ ವ್ಯತ್ಯಾಸ ಕನ್ನಡಿಗರಿಗೆ ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ ಕವಿಗಳಿಗೆ ಬಿರುದನ್ನೇ ಅದರ ಮೇಲೆ ಕೊಟ್ಟರು. ಗದುಗಿನ ಕುಮಾರವ್ಯಾಸ ‘ರೂಪಕ ಸಾಮ್ರಾಜ್ಯ ಚಕ್ರವರ್ತಿ’. ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶ ‘ಉಪಮಾಲೋಲ’. ಒಬ್ಬನಿಗೆ ಸಾಮ್ರಾಜ್ಯ, ಇನ್ನೊಬ್ಬನಿಗೆ ಲೋಲುಪತೆ. ‘ಅಂತೆ’ಯನ್ನು ಬಿಟ್ಟವನು ಗೆದ್ದು ಆಳುತ್ತಾನೆ, ಇಟ್ಟುಕೊಂಡವನು ನಿಂತು ಸವಿಯುತ್ತಾನೆ. ಯಾವ ಪ್ರಬಂಧವೂ ಹೇಳಲಾರದಷ್ಟನ್ನು ಆ ಎರಡು ಬಿರುದುಗಳೇ ಹೇಳುತ್ತವೆ.

ನಮಗೆ ಉಳಿದು ಬಂದಿರುವ ಕನ್ನಡದ ಮೊದಲ ಗ್ರಂಥವೂ ಇದೇ ವಿಷಯದ್ದು. ಸುಮಾರು 850ರ ಹೊತ್ತಿಗೆ ಮಾನ್ಯಖೇಟದಲ್ಲಿ, ಈಗಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ನೃಪತುಂಗನ ಆಸ್ಥಾನದ ಶ್ರೀವಿಜಯ ಬರೆದ ‘ಕವಿರಾಜಮಾರ್ಗ’ಕ್ಕೆ ಮೂರು ಪರಿಚ್ಛೇದ. ಮೂರನೆಯದು ಪೂರ್ತಿ ಅರ್ಥಾಲಂಕಾರಕ್ಕೆ ಮೀಸಲು. ಸಂಸ್ಕೃತದಲ್ಲಿ ದಂಡಿ ಬರೆದ ‘ಕಾವ್ಯಾದರ್ಶ’ ಅದರ ಮುಖ್ಯ ಆಧಾರ. ಭರತನ ‘ನಾಟ್ಯಶಾಸ್ತ್ರ’ ಹೆಸರಿಸಿದ ಅಲಂಕಾರಗಳು ಉಪಮೆ, ರೂಪಕ, ದೀಪಕ, ಯಮಕ ಎಂಬ ನಾಲ್ಕೇ. ಅಪ್ಪಯ್ಯ ದೀಕ್ಷಿತನ ‘ಕುವಲಯಾನಂದ’ದ ಹೊತ್ತಿಗೆ ಅವು ನೂರು ದಾಟಿದ್ದವು. ಪಟ್ಟಿ ಬೆಳೆದಂತೆ ಪಟ್ಟಿ ಮಾಡುವವರ ಹೆಮ್ಮೆಯೂ ಬೆಳೆಯಿತು. ನಮ್ಮ ಪರೀಕ್ಷೆಯ ಪ್ರಶ್ನೆ ಆ ಹೆಮ್ಮೆಯ ಕೊನೆಯ ಕುಡಿ.

ರಾಟೆಯ ಅಡಿಹಲಗೆ

ವಸ್ತುವನ್ನು ಬಲ್ಲವರು ರೂಪಕ ಕಟ್ಟಿದರೆ ಏನಾಗುತ್ತದೆ ಎಂದು ನೋಡಲು 12ನೆಯ ಶತಮಾನಕ್ಕೆ ಹೋಗಬೇಕು. ವಚನಕಾರರಲ್ಲಿ ನೂಲುವವರಿದ್ದರು, ಬಟ್ಟೆ ಒಗೆಯುವವರಿದ್ದರು, ಹಗ್ಗ ಹೊಸೆಯುವವರಿದ್ದರು, ದೋಣಿ ನಡೆಸುವವರಿದ್ದರು. ಕಾವ್ಯದ ಕಮಲ, ಚಕೋರ, ಹಂಸಗಳ ಬಳಿಗೆ ಇವರು ಹೋಗಬೇಕಾಗಿರಲಿಲ್ಲ. ಕೈಯಲ್ಲಿದ್ದ ಹತಾರವೇ ಸಾಕಿತ್ತು.

ಕದಿರ ರೆಮ್ಮವ್ವೆ ನೂಲುವ ಹೆಣ್ಣು. ತನ್ನ ರಾಟೆಯ ಕುಲ ಯಾವುದು ಎಂದು ವಿವರಿಸುವ ಒಂದು ವಚನದಲ್ಲಿ ಅವಳು ಅದರ ಒಂದೊಂದು ಭಾಗಕ್ಕೂ ಒಬ್ಬೊಬ್ಬ ದೊಡ್ಡ ದೇವರನ್ನು ಕೂರಿಸುತ್ತಾಳೆ. ಬ್ರಹ್ಮನ ಪಾಲಿಗೆ ಬಂದದ್ದು ಅಡಿಯ ಹಲಗೆ. ಶಾಸ್ತ್ರದಲ್ಲಿ ಇದು ಸಾಂಗರೂಪಕ, ಅಂಗಾಂಗ ಸಹಿತವಾದ ರೂಪಕ. ಆದರೆ ರಾಟೆಯ ಮುಂದೆ ಕುಳಿತ ಹೆಂಗಸನ್ನು ಒಮ್ಮೆ ನೆನೆಸಿಕೊಳ್ಳಿ. ಅಡಿಹಲಗೆ ನೆಲಕ್ಕೆ ಅಂಟಿಕೊಂಡಿರುತ್ತದೆ, ಅಲುಗಾಡುವಂತಿಲ್ಲ. ತಿರುಗಿಸುವ ಕೈ ಮಾತ್ರ ಅವಳದು. ತ್ರಿಮೂರ್ತಿಗಳನ್ನೂ ಸೇರಿಸಿ ಕಟ್ಟಿದ ಯಂತ್ರ ಒಬ್ಬ ಬಡ ಹೆಂಗಸಿನ ಕೈತಿರುವಿಗೆ ಓಡುತ್ತದೆ. ಈ ನಗೆ ರೂಪಕದ ಹೆಸರಿನಲ್ಲಿ ಇಲ್ಲ, ಅಡಿಹಲಗೆಯಲ್ಲಿದೆ.

ಬಸವಣ್ಣನವರ ದೇಹವೇ ದೇಗುಲ ಎಂಬ ಕಲ್ಪನೆ ಎಲ್ಲರಿಗೂ ಗೊತ್ತು. ಉಳ್ಳವರು ಕಲ್ಲಿನಲ್ಲಿ ಗುಡಿ ಕಟ್ಟುತ್ತಾರೆ, ಬಡವನಿಗೆ ಮೈಯೇ ಗುಡಿ, ಕಾಲೇ ಕಂಬ. ತರಗತಿಯಲ್ಲಿ ಇದನ್ನೂ ರೂಪಕವೆಂದು ಬರೆಸಿ ಮುಂದೆ ಹೋಗುತ್ತಾರೆ. ಆದರೆ ವಚನ ಅಲ್ಲಿಗೆ ನಿಲ್ಲುವುದಿಲ್ಲ. ಕೊನೆಯಲ್ಲಿ ಸ್ಥಾವರಕ್ಕೆ ಅಳಿವಿದೆ, ಜಂಗಮಕ್ಕೆ ಇಲ್ಲ ಎಂಬ ತಿರುವು ಬರುತ್ತದೆ. ಅಂದರೆ ಯಾವ ಗುಡಿಗೆ ಮೈಯನ್ನು ಹೋಲಿಸಿದರೋ ಆ ಗುಡಿಯನ್ನೇ ಕೊನೆಗೆ ಕೆಡವುತ್ತಾರೆ. ಉಪಮೇಯ ಉಪಮಾನವನ್ನು ಮೀರಿದರೆ ಅದಕ್ಕೆ ವ್ಯತಿರೇಕ ಎಂದು ಹೆಸರು. ಹೆಸರು ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ಕೆಡವಿದ್ದು ಕಾಣದಿದ್ದರೆ ವಚನವನ್ನು ಓದಿದಂತಾಗಲಿಲ್ಲ.

ವಸ್ತುವನ್ನು ಬಲ್ಲವರ ರೂಪಕಕ್ಕೆ ಇನ್ನೊಂದು ಉದಾಹರಣೆ ಕನಕದಾಸರ ‘ರಾಮಧಾನ್ಯ ಚರಿತೆ’. ಅಕ್ಕಿ ಮತ್ತು ರಾಗಿ ತಮ್ಮಲ್ಲಿ ಯಾರು ಮೇಲು ಎಂದು ಜಗಳಕ್ಕೆ ಬೀಳುತ್ತವೆ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಲು ರಾಮ ಹೇಳುತ್ತಾನೆ. ಸೆರೆ ತೆಗೆದಾಗ ಅಕ್ಕಿ ಸತ್ವಗುಂದಿರುತ್ತದೆ, ರಾಗಿ ಹಾಗೆಯೇ ಇರುತ್ತದೆ. ಮೇಲುಕೀಳಿನ ಸಮಾಜಕ್ಕೆ ಕೊಟ್ಟ ಪೆಟ್ಟು ಇದು ಎಂದು ವಿಮರ್ಶಕರು ಸರಿಯಾಗಿಯೇ ಗುರುತಿಸಿದ್ದಾರೆ. ಆದರೆ ಆ ಪೆಟ್ಟಿಗೆ ಬಲ ಬಂದದ್ದು ಎಲ್ಲಿಂದ? ರಾಗಿಯನ್ನು ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ಹಾಕಿ ಮುಚ್ಚಿದರೆ ವರ್ಷಾನುಗಟ್ಟಲೆ ಕೆಡುವುದಿಲ್ಲ, ಅಕ್ಕಿಗೆ ಬೇಗ ಹುಳು ಬೀಳುತ್ತದೆ. ಇದು ಒಕ್ಕಲು ಮಕ್ಕಳಿಗೆಲ್ಲ ಗೊತ್ತಿದ್ದ ಸಂಗತಿ. ಬರಗಾಲದಲ್ಲಿ ಊರನ್ನು ಉಳಿಸಿದ್ದು ಹಗೇವಿನ ಧಾನ್ಯ. ರಾಮನ ತೀರ್ಪು ದೇವರ ಕೃಪೆಯಲ್ಲ, ಪ್ರಯೋಗದ ಫಲಿತಾಂಶ. ಕನಕದಾಸರು ಸಾಕ್ಷಿಯನ್ನು ಕರೆತಂದದ್ದು ರೈತನ ಕಣಜದಿಂದ. ಹಗೇವು ಎಂದರೇನೆಂದು ತಿಳಿಯದ ಓದುಗನಿಗೆ ಅದೊಂದು ಮಕ್ಕಳ ಕಥೆಯಾಗಿ ಕಂಡರೆ ಆಶ್ಚರ್ಯವಿಲ್ಲ.

ಗೋಡೆ ಸುಣ್ಣ ಕುಡಿಯುತ್ತದೆ

ಬೆಡಗಿನ ವಚನಗಳು, ದಾಸರ ಮುಂಡಿಗೆಗಳು, ಶರೀಫರ ಕೆಲವು ಪದಗಳು ನಮ್ಮನ್ನು ಇನ್ನೊಂದು ತಪ್ಪಿಗೆ ಎಳೆಯುತ್ತವೆ. ಅವು ಬೀಗ ಹಾಕಿದ ಪೆಟ್ಟಿಗೆಗಳು, ಕೀಲಿಕೈ ಸಿಕ್ಕರೆ ಮುಗಿಯಿತು ಎಂಬ ಭಾವನೆ. ಹಾಗಾಗಿ ಟೀಕಾಕಾರರು ಹಾವು ಎಂದರೆ ಇದು, ಕಪ್ಪೆ ಎಂದರೆ ಅದು ಎಂದು ಪಟ್ಟಿ ಕೊಡುತ್ತಾರೆ. ಪಟ್ಟಿ ಕೆಲವೊಮ್ಮೆ ಬೇಕು. ಆದರೆ ಪೆಟ್ಟಿಗೆಯನ್ನೂ ನೋಡಬೇಕಲ್ಲ?

ಶರೀಫರ ನುಂಗುವ ಹಾಡನ್ನೇ ತೆಗೆದುಕೊಳ್ಳಿ. ಕೋಳಿ ಮಂಗನನ್ನು ನುಂಗುತ್ತದೆ, ಆಡು ಆನೆಯನ್ನು ನುಂಗುತ್ತದೆ. ಮಕ್ಕಳು ಕುಣಿದು ಹಾಡುತ್ತಾರೆ, ದೊಡ್ಡವರು ಇದರಲ್ಲಿ ಏನೋ ಗೂಢವಿದೆ ಎಂದು ಗಂಭೀರರಾಗುತ್ತಾರೆ. ನಾನು ಬಹಳ ವರ್ಷ ಇದನ್ನು ಅಸಾಧ್ಯಗಳ ಪಟ್ಟಿ ಎಂದೇ ತಿಳಿದಿದ್ದೆ. ಒಂದು ದೀಪಾವಳಿಗೆ ಮಣ್ಣಿನ ಗೋಡೆಗೆ ಸುಣ್ಣ ಬಳಿಯುವಾಗ ಕೆಲಸದವರು ‘ಈ ಗ್ವಾಡಿ ಭಾಳ ಸುಣ್ಣಾ ಕುಡೀತೈತ್ರಿ’ ಎಂದರು. ಕೈ ಹಾಗೇ ನಿಂತಿತು. ಆ ಹಾಡಿನಲ್ಲಿ ಗೋಡೆ ಸುಣ್ಣವನ್ನು ನುಂಗುವ ಮಾತಿದೆ. ಒರಳು ಒನಕೆಯನ್ನು ನುಂಗುವ ಮಾತೂ ಇದೆ. ಇವು ಅಸಾಧ್ಯಗಳೇ ಅಲ್ಲ! ದಿನಾ ನಮ್ಮ ಮನೆಯಲ್ಲೇ ನಡೆಯುವಂಥವು. ಭತ್ತ ಕುಟ್ಟುವಾಗ ಒರಳು ಒನಕೆಯನ್ನು ನುಂಗಿ ಉಗುಳುತ್ತಲೇ ಇರುತ್ತದೆ.

ಶರೀಫರು ಮಾಡಿದ ಆಟ ಇದು: ಎಂದೂ ಆಗದ್ದನ್ನೂ ದಿನವೂ ಆಗುತ್ತಿರುವುದನ್ನೂ ಒಂದೇ ದಾರದಲ್ಲಿ ಪೋಣಿಸಿ, ಯಾವುದು ಯಾವುದೆಂದು ಗೊತ್ತಾಗದಂತೆ ಮಾಡಿ, ಕೊನೆಗೆ ಗುರು ಗೋವಿಂದನ ಪಾದ ತನ್ನನ್ನೇ ನುಂಗಿತು ಎನ್ನುತ್ತಾರೆ. ಗುರುವಿನಲ್ಲಿ ಕರಗಿಹೋಗುವುದು ಆಡು ಆನೆಯನ್ನು ನುಂಗಿದಷ್ಟು ಅಸಾಧ್ಯವೋ, ಗೋಡೆ ಸುಣ್ಣ ಕುಡಿದಷ್ಟು ಸಹಜವೋ? ಹಾಡು ಉತ್ತರ ಹೇಳುವುದಿಲ್ಲ. ವಿರೋಧಾಭಾಸ ಎಂಬ ಹೆಸರು ಇಲ್ಲಿ ಬಾಗಿಲವರೆಗೆ ಕರೆದೊಯ್ಯುತ್ತದೆ. ಒಳಗೆ ಹೋಗಲು ಸುಣ್ಣದ ಬಕೆಟ್ಟೇ ಬೇಕು.

ಹೇಳದೆ ಉಳಿದ ಸೂರ್ಯ

ಶ್ರೀವಿಜಯ ಇದ್ದ 9ನೆಯ ಶತಮಾನದಲ್ಲೇ ಕಾಶ್ಮೀರದಲ್ಲಿ ಆನಂದವರ್ಧನ ‘ಧ್ವನ್ಯಾಲೋಕ’ ಬರೆದ. ಅಲಂಕಾರಗಳನ್ನು ಎಣಿಸುತ್ತಿದ್ದವರಿಗೆ ಅವನು ಕೇಳಿದ್ದು, ಹೇಳದೆ ಹೊಳೆಯುವ ಅರ್ಥದ ಕತೆ ಏನು ಎಂದು. ಗಂಟೆ ಬಾರಿಸಿದ ಮೇಲೆ ಉಳಿಯುವ ಅನುರಣನದ ಹಾಗೆ ಮಾತು ಮುಗಿದ ಮೇಲೆ ಕೇಳಿಸುವ ಮಾತು ಅವನಿಗೆ ಕಾವ್ಯದ ಆತ್ಮ. ಈ ವಿಚಾರಗಳನ್ನೆಲ್ಲ ಕನ್ನಡದಲ್ಲಿ ತಿಳಿಯಾಗಿ ಓದಬೇಕೆಂದರೆ ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಗಿಂತ ಒಳ್ಳೆಯ ದಾರಿ ಇಂದಿಗೂ ಇಲ್ಲ.

ಧ್ವನಿ ಎಂದರೆ ದೊಡ್ಡ ಕಾವ್ಯಗಳಲ್ಲಿ ಮಾತ್ರ ಎಂದುಕೊಳ್ಳಬೇಡಿ. ಹೈಸ್ಕೂಲಿನ ಆ ಸವೆದ ಸೀತೆಯ ಮುಖಕ್ಕೇ ಮರಳೋಣ. ಕಮಲ ಬೆಳಗಿನ ಬಿಸಿಲಿಗೆ ಅರಳಿ ಸಂಜೆಗೆ ಮುಚ್ಚಿಕೊಳ್ಳುವ ಹೂವು. ಅದು ತನ್ನಷ್ಟಕ್ಕೆ ಅರಳುವುದಿಲ್ಲ, ಸೂರ್ಯನಿಗೆ ಅರಳುತ್ತದೆ. ಹಾಗಾದರೆ ಸೀತೆಯ ಮುಖ ಕಮಲದಂತೆ ಅರಳಿತು ಎಂದಾಗ ವಾಕ್ಯದಲ್ಲಿ ಕಾಣದ ಸೂರ್ಯ ಯಾರು? ರಾಮ ಹುಟ್ಟಿದ್ದು ಯಾವ ವಂಶದಲ್ಲಿ? ವಾಕ್ಯದ ಹೊರಗೆ ಬಾಗಿಲಲ್ಲಿ ರಾಮ ಬಂದು ನಿಂತಿದ್ದಾನೆ. ಮೂರು ವರ್ಷ ನೂರಾರು ಸಲ ಆ ವಾಕ್ಯ ಬರೆದ ನಮಗೆ ಅವನು ಒಮ್ಮೆಯೂ ಕಾಣಲಿಲ್ಲ. ಖಾನೆಯಲ್ಲಿ ‘ಸಮಾನಧರ್ಮ: ಅರಳುವುದು’ ಎಂದು ತುಂಬಿದ ಕೂಡಲೇ ನಮ್ಮ ಕೆಲಸ ಮುಗಿಯುತ್ತಿತ್ತು.

ಹೊಸ ಕಾಲದ ಕವಿಗಳು ಹಳೆಯ ಕಮಲವನ್ನು ಬಿಟ್ಟು ತಮ್ಮ ಸುತ್ತಲಿನದನ್ನು ಎತ್ತಿಕೊಂಡರು. ಬೇಂದ್ರೆಯವರ ‘ಬೆಳಗು’ ಕವಿತೆಯಲ್ಲಿ ಮುಂಜಾವಿನ ಬೆಳಕು ಎರಕ ಹೊಯ್ದಂತೆ ಬರುತ್ತದೆ. ಎರಕ ಎಂಬುದು ಅಕ್ಕಸಾಲಿಗನ, ಕಂಚುಗಾರನ ಮಾತು. ಕಾದು ಕರಗಿದ್ದು ಅಚ್ಚಿನ ಮೂಲೆಮೂಲೆಗೂ ಹರಿದು, ಆರಿದಾಗ ರೂಪ ತಾಳುತ್ತದೆ. ಬೆಳಗಾದಾಗ ಮರ, ಮನೆ, ಗುಡ್ಡಗಳು ಕತ್ತಲಿನಿಂದ ಒಂದೊಂದಾಗಿ ರೂಪ ಪಡೆಯುವುದನ್ನು ಕಂಡವರಿಗೆ ಆ ಒಂದು ಪದ ಸಾಕು. ಕುವೆಂಪು 1949ರ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಪುಟ ತುಂಬ ಹರಿಯುವ ಮಹೋಪಮೆಗಳನ್ನು ತಂದಾಗ ಅವುಗಳೊಳಗೆ ಮಲೆನಾಡಿನ ಕಾಡು, ಮಳೆ, ಮಂಜು ತುಂಬಿಕೊಂಡವು. ಪಾತ್ರೆ ಪಶ್ಚಿಮದ ಮಹಾಕಾವ್ಯಗಳದ್ದು, ನೀರು ತುಂಗೆಯದು.

ಬೀಳದ ಬೊಂಬೆ

ಸಿನಿಮಾ ಹಾಡನ್ನು ಈ ಲೆಕ್ಕದಲ್ಲಿ ಕೀಳಾಗಿ ಕಾಣುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಜನ ಇಂದು ರೂಪಕವನ್ನು ಬಾಯಿಪಾಠ ಮಾಡುವುದು ಅಲ್ಲೇ.

1971ರ ‘ಕಸ್ತೂರಿ ನಿವಾಸ’ದಲ್ಲಿ ಚಿ. ಉದಯಶಂಕರ್ ಬರೆದ ಬೊಂಬೆಯ ಹಾಡಿದೆ. ಎಷ್ಟು ಬೀಳಿಸಿದರೂ ಎದ್ದು ಕೂರುವ ಬೊಂಬೆ ಅದು. ಅಂಥ ಬೊಂಬೆ ನಮ್ಮೆಲ್ಲರ ಮನೆಯಲ್ಲೂ ಇತ್ತು. ಅದು ಯಾಕೆ ಬೀಳುವುದಿಲ್ಲ? ತಳ ದುಂಡಗಿದೆ, ಭಾರವೆಲ್ಲ ಅಡಿಯಲ್ಲಿದೆ, ಮೇಲೆ ಹಗುರ. ಈಗ ಕಥೆ ನೆನಪಿಸಿಕೊಳ್ಳಿ. ರಾಜ್‌ಕುಮಾರ್ ಅಭಿನಯಿಸಿದ ನಾಯಕ ಬೆಂಕಿಪೆಟ್ಟಿಗೆ ಕಾರ್ಖಾನೆಯ ಒಡೆಯ, ಕೊಡುಗೈ. ಒಂದೊಂದಾಗಿ ಎಲ್ಲವನ್ನೂ ಕಳೆದುಕೊಳ್ಳುತ್ತಾನೆ, ಕೊಡುವ ಗುಣವನ್ನು ಮಾತ್ರ ಬಿಡುವುದಿಲ್ಲ. ಸಿರಿವಂತಿಕೆ ಅವನಿಗೆ ಮೇಲಿನ ಹಗುರ ಭಾಗ, ಗುಣ ಅಡಿಯ ಭಾರ. ಬೊಂಬೆಯೊಳಗಿನ ಭಾರದ ಬಗ್ಗೆ ಹಾಡು ಒಂದು ಮಾತನ್ನೂ ಆಡುವುದಿಲ್ಲ. ಬೊಂಬೆಯನ್ನು ಕೈಯಲ್ಲಿ ಹಿಡಿದು ಆಡಿದವನಿಗೆ ಆಡಬೇಕಾಗಿಯೂ ಇಲ್ಲ. ಅದೇ ಹಾಡು ಮುಂದೆ ಶೋಕದ ದನಿಯಲ್ಲಿ ಮರಳುವಾಗ ಗಮನ ಬೊಂಬೆಯಿಂದ ಅದನ್ನು ಆಡಿಸುವ ಕೈಗೆ ಹೊರಳುತ್ತದೆ. ಬೀಳದ ಬೊಂಬೆಗೂ ಆಟ ಮುಗಿಯುತ್ತದೆ.

2008ರ ‘ಗಾಳಿಪಟ’ಕ್ಕೆ ಜಯಂತ ಕಾಯ್ಕಿಣಿ ಬರೆದ ಹಾಡೊಂದರಲ್ಲಿ ಹುಡುಗಿ ಮಿಂಚು. ಇದರಲ್ಲಿ ಹೊಸತೇನೂ ಇಲ್ಲ, ಸಾವಿರ ವರ್ಷದಿಂದ ಹೆಣ್ಣು ಮಿಂಚಾಗಿದ್ದಾಳೆ. ಹೊಸತಿರುವುದು ಮುಂದಿನ ಹೆಜ್ಜೆಯಲ್ಲಿ. ಮಿಂಚಿದರೆ ಮಳೆ ಬರಬೇಕಲ್ಲ? ಆದ್ದರಿಂದ ಅವನು ನಿಂತ ಜಾಗಕ್ಕೇ ಮಳೆಗಾಲ ಬಂದುಬಿಡುತ್ತದೆ. ಸವೆದ ಉಪಮಾನವನ್ನು ಅದರ ಸ್ವಭಾವಕ್ಕೆ ತಕ್ಕಂತೆ ಒಂದು ಹೆಜ್ಜೆ ನಡೆಸಿದ್ದಷ್ಟೇ ಕವಿಯ ಕೆಲಸ. ಗೋಕರ್ಣದ ಮಳೆಯಲ್ಲಿ ಬೆಳೆದ ಕಾಯ್ಕಿಣಿಯವರಿಗೆ ಮಿಂಚಿನ ಹಿಂದೆ ಏನು ಬರುತ್ತದೆಂದು ಹೇಳಿಕೊಡಬೇಕಿಲ್ಲ.

ಯಾವ ಹಾಡನ್ನಾದರೂ ಪರೀಕ್ಷಿಸಲು ಇದೇ ಒಳ್ಳೆಯ ಉಪಾಯ. ಹೋಲಿಕೆಯನ್ನು ಒಂದು ಹೆಜ್ಜೆ ಮುಂದೆ ನಡೆಸಿ ನೋಡಿ. ಗಟ್ಟಿಯಾಗಿದ್ದರೆ ನಡೆಯುತ್ತದೆ, ಟೊಳ್ಳಾಗಿದ್ದರೆ ಎಡವುತ್ತದೆ. ‘ನೀನು ನನ್ನ ಬಾಳಿನ ಹಡಗು, ಎದೆಯಲ್ಲಿ ಅರಳಿದೆ ಇಂದು’ ಎಂದು ಯಾರಾದರೂ ಬರೆದರೆ, ಇದು ನಾನೇ ಈಗ ಹೊಸೆದದ್ದು, ರಾಗ ಚೆನ್ನಾಗಿದ್ದರೆ ಜನ ತಲೆದೂಗಬಹುದು. ಆದರೆ ಅರಳುವ ಹಡಗನ್ನು ಯಾವ ಅಂಬಿಗನೂ ಕಂಡಿಲ್ಲ. ಬರೆದವನು ಹಡಗನ್ನೂ ನೋಡಿಲ್ಲ, ಹೂವನ್ನೂ ನೋಡಿಲ್ಲ, ಬೇರೆ ಹಾಡುಗಳನ್ನು ಮಾತ್ರ ಕೇಳಿದ್ದಾನೆ.

ಅರೆದು ಕುಡಿದವರು

ರೂಪಕ ಕವಿಗಳ ಸ್ವತ್ತಲ್ಲ. ನಾವು ಮಾತನ್ನು ಕೊಡುತ್ತೇವೆ, ತಪ್ಪುತ್ತೇವೆ, ನುಂಗುತ್ತೇವೆ. ಮಾತು ಜಾರುತ್ತದೆ, ಮಾತಿಗೆ ಮಾತು ಬೆಳೆಯುತ್ತದೆ, ಮಾತು ಮುರಿದು ಬೀಳುತ್ತದೆ. ಬಾಯಿಂದ ಹೊರಟ ಸದ್ದಿಗೆ ಸಾಲದ ಗುಣ, ಬೆಳೆಯ ಗುಣ, ಮಡಕೆಯ ಗುಣ ಎಲ್ಲವನ್ನೂ ಕೊಟ್ಟಿದ್ದೇವೆ. ರೂಪಕ ಒಡವೆಯಲ್ಲ, ಯೋಚಿಸುವ ರೀತಿಯೇ ಅದು ಎಂದು 1980ರಲ್ಲಿ ಜಾರ್ಜ್ ಲೇಕಾಫ್ ಮತ್ತು ಮಾರ್ಕ್ ಜಾನ್ಸನ್ ಒಂದು ಪುಸ್ತಕವನ್ನೇ ಬರೆದರು. ನಮ್ಮ ಅಜ್ಜಿಯಂದಿರು ಪುಸ್ತಕ ಬರೆಯದೆ ಹಾಗೆ ಬದುಕಿದ್ದರು.

ಯಾರನ್ನಾದರೂ ಹೊಗಳುವಾಗ ‘ಅವರು ಕುಮಾರವ್ಯಾಸನನ್ನು ಅರೆದು ಕುಡಿದಿದ್ದಾರೆ’ ಎನ್ನುತ್ತೇವೆ. ಇದರಲ್ಲಿ ಎರಡು ಹೊರಳುಗಳಿವೆ. ಕುಮಾರವ್ಯಾಸ ಎಂದರೆ ಅವನ ಕಾವ್ಯ, ಶಾಸ್ತ್ರ ಇದನ್ನು ಲಕ್ಷಣಾರ್ಥ ಎನ್ನುತ್ತದೆ. ಆಮೇಲೆ ಆ ಕಾವ್ಯ ಒಂದು ಬೇರು. ಬೇರನ್ನು ಕಲ್ಲಿನ ಮೇಲೆ ನೀರು ಹನಿಸಿ ಹನಿಸಿ ಅರೆಯಬೇಕು, ಅವಸರ ಮಾಡಿದರೆ ನುಣ್ಣಗಾಗದು. ಕಹಿಯಿದ್ದರೂ ಕುಡಿಯಬೇಕು. ಕುಡಿದ ಮೇಲೆ ಅದು ಮೈಗೆ ಹತ್ತುತ್ತದೆ. ಓದುವುದು ಹೇಗೆ ಎಂಬ ಪಾಠ ಒಂದೇ ಕ್ರಿಯಾಪದದಲ್ಲಿದೆ. ಮಿಕ್ಸಿ ಬಂದ ಮೇಲೂ ಮಾತು ಉಳಿದಿದೆ, ಅರೆಯುವ ತೋಳಿನ ನೋವು ಮಾತ್ರ ಅದರಿಂದ ಜಾರಿಹೋಗಿದೆ. ಸತ್ತ ರೂಪಕ ಎನ್ನುವುದು ಇದನ್ನೇ.

ಹಾಗಾದರೆ ವಸ್ತು ಹೋದ ಮೇಲೆ ಹಾಡೂ ಹೋಯಿತೇ? ಕಳೆದ ಮಳೆಗಾಲದಲ್ಲಿ, ನನಗೆ ತಮ್ಮನಾಗುವ ದೊಡ್ಡಪ್ಪನ ಮಗನ ಹುಬ್ಬಳ್ಳಿಯ ಫ್ಲ್ಯಾಟಿಗೆ ಹೋಗಿದ್ದೆ. ಕಟ್ಟಿ ಐದು ವರ್ಷವೂ ಆಗದ ಕಟ್ಟಡ, ಹಾಲಿನ ನಡುವೆ ಪ್ಲಾಸ್ಟಿಕ್ ಬಕೆಟ್. ದುರಸ್ತಿಗೆ ಬಂದ ಮೇಸ್ತ್ರಿ ಮೇಲೆ ನೋಡಿ, ಕೆಳಗೆ ನೋಡಿ, ‘ಲೀಕ್ ಇಲ್ಲಿಲ್ರೀ ಸರ, ಎಲ್ಲೋ ಐತಿ. ರಾಡ್ ಹಿಡಕೊಂಡು ಬಂದೈತಿ ನೀರು’ ಎಂದರು. ಜಂತಿ ಹೋಗಿ ರಾಡ್ ಬಂದಿತ್ತು. ನೀರು ಮಾತ್ರ ತನ್ನ ನಡಿಗೆ ಬಿಟ್ಟಿರಲಿಲ್ಲ. ತಮ್ಮನ ಮಗಳು ಎಂಟನೆಯ ತರಗತಿ. ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಶರೀಫರ ಹಾಡು ಹಾಕಿದೆ. ಒಮ್ಮೆ ಸೂರನ್ನು, ಒಮ್ಮೆ ಬಕೆಟ್ಟನ್ನು ನೋಡಿ ನಕ್ಕಳು. ಮನೆ ಎಂದರೆ ದೇಹ ಎಂದು ಹೇಳುವ ಅಗತ್ಯ ಬೀಳಲಿಲ್ಲ. ‘ದೊಡ್ಡಪ್ಪಾ, ಹಂಗಾದ್ರ ಬ್ಯಾಸಗ್ಯಾಗ ನೋಡಬೇಕಿತ್ತು’ ಎಂದಳು.

ಕನ್ನಡ ಪಾಠ ಮಾಡುವವರಲ್ಲಿ ನನ್ನದೊಂದು ಕೋರಿಕೆ. ಅಲಂಕಾರ ಹೆಸರಿಸಿ, ಸಮನ್ವಯಿಸಿ ಎಂಬ ಪ್ರಶ್ನೆ ಇರಲಿ, ಅಂಕಕ್ಕೆ ಅದು ಬೇಕು. ಅದಕ್ಕೆ ಮೊದಲು ಇನ್ನೊಂದು ಪ್ರಶ್ನೆ ಕೊಟ್ಟು ಮಕ್ಕಳನ್ನು ಮನೆಗೆ ಕಳಿಸಿ: ಈ ಉಪಮಾನವನ್ನು ನಿಮ್ಮ ಮನೆಯಲ್ಲಿ ಕೈಯಾರೆ ಮುಟ್ಟಿದವರು ಯಾರು? ರಾಟೆ, ಹಗೇವು, ಒರಳು, ಜಂತಿ, ಎರಕ ಯಾವುದೇ ಇರಲಿ, ಅವರ ಪಕ್ಕ ಕುಳಿತು ಕೇಳಿ ಬನ್ನಿ. ಹಾಗೆ ಹೇಳಬಲ್ಲವರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಬಹಳ ವರ್ಷ ಇರುವುದಿಲ್ಲ.